ಬಂಟ್ವಾಳಕ್ಕೆ ಹದಿನಾಲ್ಕು ದಿನ

ಬೆಳ್ತಂಗಡಿಯಲ್ಲಿ ಬೋರ್ಡು ಹಾಕಿ ಕುಳಿತಾಗ ನನಗೆ ಇಪ್ಪತ್ತೈದು ವರ್ಷ. ಹೆಸರಿನ ಮುಂದೆ ಎಂ.ಬಿ.ಬಿ.ಎಸ್. ಎಂದು ಹೆಸರಿಗಿಂತಲೂ ದೊಡ್ಡದಾಗಿ ಬರೆಸಿದವರು ನನ್ನ ಸೋದರಮಾವ. ಅದೇನೂ ಸುಳ್ಳಲ್ಲ. ಮದ್ರಾಸಿನಲ್ಲಿ ಓದಿ ಪಾಸಾಗಿದ್ದೆ. ಆದರೆ ಪಾಸಾದ ಮೇಲೆ ಆಸ್ಪತ್ರೆಯಲ್ಲಿ ಒಂದು ವರ್ಷ ಹೌಸ್ ಸರ್ಜನ್ ಆಗಿ, ದೊಡ್ಡ ಡಾಕ್ಟರುಗಳ ಹಿಂದೆ ಓಡಾಡಿ, ಬೈಸಿಕೊಂಡು ಕಲಿಯುವುದು ಅಂತ ಒಂದಿದೆಯಲ್ಲ, ಅದರಲ್ಲಿ ನಾನು ಮುಗಿಸಿದ್ದು ಮೂರೇ ತಿಂಗಳು. ಎರಡು ತಿಂಗಳು ಹೆರಿಗೆ ವಾರ್ಡು, ಒಂದು ತಿಂಗಳು ಸರ್ಜರಿ. ಜ್ವರದ ವಾರ್ಡು, ಅಂಟುರೋಗಗಳ ಆಸ್ಪತ್ರೆ ಎಲ್ಲ ಮುಂದೆ ಬರಬೇಕಿತ್ತು. ಅಷ್ಟರಲ್ಲಿ ಅಮ್ಮನಿಗೆ ಟೈಫಾಯ್ಡ್ ಎಂದು ಮೂಡಬಿದಿರೆಯಿಂದ ತಂತಿ ಬಂತು. ಬಿಟ್ಟು ಬಂದೆ.

ಅಮ್ಮ ಎದ್ದು ಓಡಾಡಲು ಎರಡು ತಿಂಗಳು ಹಿಡಿಯಿತು. ನಾನು ಮತ್ತೆ ಮದ್ರಾಸಿಗೆ ಹೊರಡುವ ಮಾತೆತ್ತಿದಾಗ ಮಾವ ಒಪ್ಪಲಿಲ್ಲ.

“ಡಿಗ್ರಿ ಉಂಟಲ್ಲ ನಿನ್ನ ಹತ್ರ? ಇನ್ನು ಏನು ಕಲಿಯುವುದು? ಬೆಳ್ತಂಗಡಿಯಲ್ಲಿ ಒಬ್ಬ ಲೇಡಿ ಡಾಕ್ಟ್ರಿಲ್ಲ. ಅಲ್ಲಿ ಹೋಗಿ ಕೂತುಕೋ, ಕೂತಲ್ಲಿಗೆ ಎಲ್ಲ ಬರ್ತದೆ.”

ನಮ್ಮ ಮನೆಯಲ್ಲಿ ಮಾವ ಹೇಳಿದ ಮೇಲೆ ಮಾತಿಲ್ಲ. ನಮ್ಮ ಕಾಲಕ್ಕೆ ಆ ಒಂದು ವರ್ಷ ಕಡ್ಡಾಯವೂ ಆಗಿರಲಿಲ್ಲ. ಡಿಗ್ರಿ ಇದ್ದರೆ ಬೋರ್ಡು ಹಾಕಬಹುದಿತ್ತು.

ನಾನು ಹೆದರುತ್ತಲೇ ಕುಳಿತೆ. ಹೆರಿಗೆಗೆ ಹೆದರಲಿಲ್ಲ, ಅದು ಕೈಗೆ ಗೊತ್ತಿತ್ತು. ಉಳಿದದ್ದಕ್ಕೆಲ್ಲ ಹೆದರುತ್ತಿದ್ದೆ. ಬಾಗಿಲಲ್ಲಿ ಯಾರಾದರೂ ಜ್ವರವೆಂದು, ಹೊಟ್ಟೆನೋವೆಂದು ಬಂದು ನಿಂತರೆ, ಮದ್ದು ತರುತ್ತೇನೆಂದು ಒಳಕೋಣೆಗೆ ಹೋಗಿ, ಅಲ್ಲಿ ಬೀರುವಿನಲ್ಲಿಟ್ಟ ಪುಸ್ತಕ ತೆರೆದು, ಎರಡು ಪುಟ ತಿರುವಿ, ಮುಖ ಗಟ್ಟಿ ಮಾಡಿಕೊಂಡು ಹೊರಗೆ ಬರುತ್ತಿದ್ದೆ. ಹೆದರಿಕೆ ಹೊರಗೆ ಕಾಣದಂತೆ ಇರಲು ನನಗೆ ಗೊತ್ತಿದ್ದ ದಾರಿ ಒಂದೇ: ಗದರುವುದು. ಎಷ್ಟು ಹೆದರುತ್ತಿದ್ದೆನೋ ಅಷ್ಟು ಗದರುತ್ತಿದ್ದೆ. ಜನ ಅದನ್ನು ನನ್ನ ತಿಳಿವಳಿಕೆ ಅಂದುಕೊಂಡರು. ಲೇಡಿ ಡಾಕ್ಟ್ರು ಸ್ವಲ್ಪ ಜೋರು, ಆದ್ರೆ ಕೈಗುಣ ಒಳ್ಳೇದುಂಟು ಅಂತ ಪೇಟೆಯಲ್ಲಿ ಮಾತಾಯಿತು.

ಎರಡನೆಯ ವರ್ಷ, ಬೆಳಗಿನ ಚಳಿ ಶುರುವಾದ ಹೊತ್ತಿಗೆ, ಕಕ್ಕಿಂಜೆಯಿಂದ ಒಬ್ಬಳು ಹುಡುಗಿಯನ್ನು ಅವಳ ಅಣ್ಣ ಕರೆದುಕೊಂಡು ಬಂದ. ಬೀಡಿ ಕಟ್ಟುವ ಹುಡುಗಿ, ಇಪ್ಪತ್ತು ದಾಟಿರಲಿಕ್ಕಿಲ್ಲ. ಅಣ್ಣ ಮರದ ಲಾರಿಗಳಿಗೆ ಲೋಡು ಮಾಡುವವನು. ಮಾತೆಲ್ಲ ನಡೆದದ್ದು ತುಳುವಿನಲ್ಲಿ. ನೆನಪಿನಲ್ಲಿ ಉಳಿದದ್ದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನಿನ್ನೆಯಿಂದ ಏನೂ ನುಂಗುವುದಿಲ್ಲಮ್ಮ ಇವಳು. ಗಂಟಲು ಹಿಡಿದ ಹಾಗೆ ಆಗ್ತದಂತೆ,” ಎಂದ ಅಣ್ಣ.

ನಾನು ಚಮಚದಿಂದ ನಾಲಗೆ ಒತ್ತಿ ಗಂಟಲು ನೋಡಿದೆ. ಕೆಂಪಿಲ್ಲ, ಬಾವಿಲ್ಲ. ಒತ್ತುತ್ತಿದ್ದಂತೆ ಅವಳು ಒಮ್ಮೆಲೇ ಕುತ್ತಿಗೆ ಹಿಂದಕ್ಕೆಳೆದು ಉಬ್ಬಳಿಸಿದಳು, ಜೊಲ್ಲು ನನ್ನ ಎಡಗೈಯ ಮೇಲೆಲ್ಲ ಚೆಲ್ಲಿತು. ಮೇಜಿನ ಮೇಲಿದ್ದ ಬಟ್ಟೆಯಲ್ಲಿ ಒರೆಸಿಕೊಂಡೆ.

“ಮತ್ತೆ ಏನು ತೊಂದರೆ?”

“ಹಿಮ್ಮಡಿ ಚುರುಚುರು ಅಂತದೆ,” ಎಂದಳು ಹುಡುಗಿ. “ಇರುವೆ ಹರಿದ ಹಾಗೆ. ಯಾಕೆ ಅಂತ ಗೊತ್ತಿಲ್ಲ. ತುಂಬ ಹೆದರಿಕೆ ಆಗ್ತದೆ ಡಾಕ್ಟ್ರಮ್ಮ.”

ಗಂಟಲಿಗೂ ಹಿಮ್ಮಡಿಗೂ ಏನು ಸಂಬಂಧ? ಒಳಕೋಣೆಗೆ ಹೋಗಿ ಪುಸ್ತಕ ತೆರೆದೆ. ಗಂಟಲಲ್ಲಿ ಉಂಡೆ ಸಿಕ್ಕಿದಂತಾಗುವುದು, ಮೈಯಲ್ಲಿ ಅಲ್ಲಲ್ಲಿ ಚುರುಗುಟ್ಟುವುದು, ಕಾರಣವಿಲ್ಲದ ಭಯ, ಹರೆಯದ ಹೆಣ್ಣು. ಹಿಸ್ಟೀರಿಯಾ ಎಂಬ ತಲೆಬರಹದ ಕೆಳಗೆ ಎಲ್ಲವೂ ಇತ್ತು. ಹೊರಗೆ ಬಂದು ಅಣ್ಣನನ್ನು ಕೇಳಿದೆ, “ಮದುವೆ ಗೊತ್ತಾಗಿದೆಯಾ ಇವಳಿಗೆ?”

“ಹೌದಮ್ಮ, ಬರುವ ತಿಂಗಳು.”

ನನಗೆ ಎಷ್ಟು ಸಮಾಧಾನವಾಯಿತೆಂದರೆ, ಅದನ್ನು ಇಂದಿಗೂ ನಾಚಿಕೆಯಿಂದಲೇ ನೆನೆಯುತ್ತೇನೆ. ಉತ್ತರ ಸಿಕ್ಕಿತ್ತು. ಕುರ್ಚಿಯಲ್ಲಿ ನೇರವಾಗಿ ಕುಳಿತು ಹುಡುಗಿಗೆ ಹೇಳಿದೆ: “ನಿನಗೆ ಯಾವ ಕಾಯಿಲೆಯೂ ಇಲ್ಲ. ಮದುವೆ ಬೇಡದಿದ್ದರೆ ಬಾಯಿಬಿಟ್ಟು ಹೇಳು, ಈ ನಾಟಕ ಬೇಡ. ಮನೆಗೆ ಹೋಗಿ ನೀರು ಕುಡಿ, ಗಂಜಿ ಉಣ್ಣು. ಕುಡಿದರೆ ಇಳಿಯುತ್ತದೆ.”

ಅವಳು ತಲೆ ತಗ್ಗಿಸಿದಳು. ಮನಸ್ಸು ಶಾಂತವಾಗಲೆಂದು ಬ್ರೋಮೈಡ್ ಮಿಕ್ಸ್ಚರ್ ಒಂದು ಬಾಟಲಿ ಕೊಟ್ಟು ಕಳಿಸಿದೆ.

ಮರುದಿನ ಮಧ್ಯಾಹ್ನದ ಹೊತ್ತಿಗೆ ಅಣ್ಣ ಒಬ್ಬನೇ ಬಂದ. ಬಲಗೈ ಮಣಿಕಟ್ಟಿಗೆ ಬಟ್ಟೆ ಸುತ್ತಿಕೊಂಡಿದ್ದ.

“ಅಮ್ಮ, ನೀವು ಹೇಳಿದ ಹಾಗೆ ನೀರು ಕುಡಿಸ್ಲಿಕ್ಕೆ ನೋಡಿದೆವು. ನಾನು ದವಡೆ ಹಿಡಿದೆ, ನಮ್ಮಮ್ಮ ಹೊಯ್ದ್ರು. ಇಳಿಯುವುದೇ ಇಲ್ಲ. ಮೈಯೆಲ್ಲ ಸೆಟೆದು ಹೋಗ್ತದೆ. ಈಗ ಚೆಂಬು ಕಂಡ್ರೇ ಕಿರುಚ್ತಾಳೆ. ಬೆವರುತ್ತಾಳೆ ಅಂತ ಅಮ್ಮ ಬೀಸಣಿಗೆಯಲ್ಲಿ ಗಾಳಿ ಹಾಕಿದ್ರೆ, ಆ ಗಾಳಿಗೂ ಗಂಟಲು ಕಟ್ತದೆ.”

ಗಾಳಿ ಎಂದ ಕೂಡಲೇ ನಾನು ಕುರ್ಚಿಯಿಂದ ಎದ್ದೆ. ನೀರು, ಗಾಳಿ, ಹಿಮ್ಮಡಿ. ಪುಸ್ತಕದಲ್ಲಿ ಅದು ಒಂದೂವರೆ ಪುಟ. ಪರೀಕ್ಷೆಯಲ್ಲಿ ಅದನ್ನು ಬರೆದು ಒಳ್ಳೆಯ ಅಂಕ ತೆಗೆದಿದ್ದೆ. ಆದರೆ ಆ ಕಾಯಿಲೆಯ ಮುಖವನ್ನು ಒಮ್ಮೆಯೂ ಕಂಡಿರಲಿಲ್ಲ.

“ಅವಳಿಗೆ ನಾಯಿ ಕಚ್ಚಿದ್ದುಂಟಾ?”

“ನಾಯಿ ಅಂತ ಇಲ್ಲ. ಎರಡು ತಿಂಗಳ ಹಿಂದೆ ರಸ್ತೆಯಲ್ಲಿ ಒಂದು ನಾಯಿಮರಿ ಹಿಮ್ಮಡಿಗೆ ಹಲ್ಲು ಹಾಕಿತ್ತು. ಸುಣ್ಣ ಹಚ್ಚಿದ್ದು. ಗಾಯ ಆಗ್ಲೇ ಮಾಯ್ದಿದೆ ಅಮ್ಮ.”

ನನ್ನ ಎಡಗೈ ನೋಡಿಕೊಂಡೆ. ತೋರುಬೆರಳಿನ ತುದಿಯಲ್ಲಿ ಒಂದು ಸಣ್ಣ ಗೀರು. ಹಿಂದಿನ ದಿನ ಬೆಳಿಗ್ಗೆ ಇಂಜೆಕ್ಷನ್ನಿನ ಗಾಜಿನ ಕೊಳವೆ ಮುರಿಯುವಾಗ ಆದದ್ದು. ಅವಳ ಜೊಲ್ಲು ಬಿದ್ದದ್ದು ಅದೇ ಕೈಮೇಲೆ. ನಾನು ಅದನ್ನು ತೊಳೆಯಲೂ ಇಲ್ಲ, ಒರೆಸಿಕೊಂಡಿದ್ದೆ.

“ನಿನ್ನ ಕೈಗೆ ಏನಾಯಿತು?” ಎಂದೆ.

“ಏನಿಲ್ಲಮ್ಮ, ನೀರು ಹೊಯ್ಯುವಾಗ ಅವಳ ಹಲ್ಲು ತಾಗಿದ್ದು.”

ಅವನ ಕೈಯನ್ನೂ ನನ್ನ ಕೈಯನ್ನೂ ಸೋಪು ಹಾಕಿ ಚರ್ಮ ಉರಿಯುವವರೆಗೆ ತೊಳೆದೆ. ಯಾಕೆಂದು ಅವನು ಕೇಳಲಿಲ್ಲ. ನಂತರ ಮದ್ದಿನ ಚೀಲ ಹಿಡಿದು ಅವನ ಜೊತೆ ಚಾರ್ಮಾಡಿ ಬಸ್ಸು ಹತ್ತಿದೆ. ನಿಡಿಗಲ್ ಸೇತುವೆ ದಾಟುವಾಗ ಕೆಳಗೆ ಹೊಳೆ ಕಂಡಿತು. ಆ ನೀರನ್ನು ನಾನು ಕಣ್ಣಿಟ್ಟು ನೋಡಿದೆ, ಗಂಟಲಲ್ಲಿ ಏನಾದರೂ ಆಗುತ್ತದೆಯೋ ಎಂದು. ಒಂದೇ ದಿನಕ್ಕೆ ಏನೂ ಆಗುವುದಿಲ್ಲವೆಂದು ಗೊತ್ತಿತ್ತು. ಗೊತ್ತಿದ್ದೂ ನೋಡಿದೆ.

ಅವರ ಮನೆ ರಸ್ತೆಯಿಂದ ಸ್ವಲ್ಪ ಮೇಲೆ. ಹುಡುಗಿ ಗೋಡೆಗೆ ಒರಗಿ ಕುಳಿತಿದ್ದಳು. ಕಣ್ಣು ಅರಳಿತ್ತು, ಬಾಯಿಯ ಅಂಚಿನಿಂದ ಜೊಲ್ಲು ಇಳಿಯುತ್ತಿತ್ತು, ಅದನ್ನು ನುಂಗಲು ಹೆದರಿ ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದಳು. ಆದರೆ ಬುದ್ಧಿ ಪೂರ್ತಿ ಸರಿಯಾಗಿಯೇ ಇತ್ತು. ಆ ರೋಗದ ಕ್ರೌರ್ಯವೇ ಅದು. ನನ್ನನ್ನು ಗುರುತಿಸಿ ಎದ್ದು ನಿಲ್ಲಲು ನೋಡಿದಳು.

“ಡಾಕ್ಟ್ರಮ್ಮ, ನಾನು ನಾಟಕ ಮಾಡುವುದಲ್ಲ. ಕುಡೀಬೇಕು ಅಂತ ಉಂಟು ನನಗೆ. ಆಗುವುದಿಲ್ಲ.”

ನಾನು ಅವಳ ಪಕ್ಕ ಕುಳಿತೆ. “ನನಗೆ ಗೊತ್ತುಂಟು. ತಪ್ಪು ನನ್ನದು. ಇನ್ನು ಯಾರೂ ನಿನಗೆ ನೀರು ಕುಡಿಸುವುದಿಲ್ಲ,” ಎಂದೆ. ಅಷ್ಟು ಕೇಳಿಯೇ ಅವಳ ಭುಜ ಸಡಿಲವಾಯಿತು. ನಿದ್ದೆ ಬರಿಸುವ ಇಂಜೆಕ್ಷನ್ ಕೊಟ್ಟೆ. ಬಾಗಿಲಿಗೆ ಕಂಬಳಿ ಕಟ್ಟಿ ಗಾಳಿ ತಡೆಯಲು ಹೇಳಿದೆ. ಹೊರಗೆ ಬಂದು ಅವಳ ತಾಯಿಗೂ ಅಣ್ಣನಿಗೂ ಇದ್ದದ್ದನ್ನು ಹೇಳಿದೆ: ಇದು ಹುಚ್ಚುನಾಯಿಯ ವಿಷ, ಈ ಹಂತಕ್ಕೆ ಬಂದ ಮೇಲೆ ಮಂಗಳೂರಿಗೆ ಒಯ್ದರೂ ಮದ್ರಾಸಿಗೆ ಒಯ್ದರೂ ಮದ್ದಿಲ್ಲ. ತಾಯಿ ಕೇಳಿದ್ದು ಒಂದೇ ಮಾತು.

“ನಿನ್ನೆ ನೀವು ಏನೂ ಇಲ್ಲ ಅಂದದ್ದಲ್ಲವಾ?”

ಮರುದಿನ ಬೆಳಿಗ್ಗೆ ಮತ್ತೆ ಹೋಗಿ ಇನ್ನೊಂದು ಇಂಜೆಕ್ಷನ್ ಕೊಟ್ಟೆ. ಅವಳು ನಿದ್ದೆಯಲ್ಲೇ, ಊಟದ ಹೊತ್ತಿಗೆ ಮೊದಲು ತೀರಿಕೊಂಡಳು.

ಅದೇ ದಿನ ಮಧ್ಯಾಹ್ನ ಬಂಟ್ವಾಳಕ್ಕೆ ಹೋದೆ. ಅಲ್ಲಿ ಒಬ್ಬರು ವಯಸ್ಸಾದ ಡಾಕ್ಟರಿದ್ದರು, ಹಳೆಯ ಎಲ್.ಎಂ.ಪಿ. ಡಿಗ್ರಿ ಲೆಕ್ಕದಲ್ಲಿ ನನಗಿಂತ ಕೆಳಗಿನವರು, ರೋಗ ನೋಡಿದ ಲೆಕ್ಕದಲ್ಲಿ ನಾನು ಅವರ ಹತ್ತಿರವೂ ನಿಲ್ಲುವವಳಲ್ಲ. ಹುಚ್ಚುನಾಯಿಯ ಮದ್ದನ್ನು ಅವರು ತರಿಸಿ ಸೀಮೆಎಣ್ಣೆಯ ಫ್ರಿಜ್ಜಿನಲ್ಲಿ ಇಟ್ಟಿರುತ್ತಾರೆಂದು ಕೇಳಿದ್ದೆ. ನಡೆದದ್ದನ್ನೆಲ್ಲ ಹೇಳಿದೆ. ಅವರು ನನ್ನ ಬೆರಳನ್ನು ಕಿಟಕಿಯ ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು.

“ಜ್ವರದ ವಾರ್ಡು ಎಲ್ಲಿ ಮಾಡಿದ್ದು ನೀವು?”

“ಮಾಡಿಲ್ಲ ಸರ್.”

ಅವರು ಬೈಯುತ್ತಾರೆಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು. “ನಾನೂ ಮೊದಲನೇ ಸಲ ಗುರುತಿಸ್ಲಿಲ್ಲ. ಧನುರ್ವಾಯು ಅಂದೆ. ಆದ್ರೆ ನನ್ನ ಹಿಂದೆ ದೊಡ್ಡ ಡಾಕ್ಟ್ರು ನಿಂತಿದ್ರು, ತಿದ್ದಿದ್ರು,” ಎಂದು ಫ್ರಿಜ್ಜಿನ ಕಡೆ ಹೋದರು. “ಹದಿನಾಲ್ಕು ದಿನ, ದಿನಕ್ಕೊಂದು, ಹೊಟ್ಟೆಗೆ. ಆ ಅಣ್ಣನನ್ನೂ ಕರಕೊಂಡು ಬನ್ನಿ. ಅವನಿಗೆ ನಿಮಗಿಂತ ಹೆಚ್ಚು ಅಗತ್ಯ ಉಂಟು.”

ನಾನು ಹೊರಡುವಾಗ ಇನ್ನೊಂದು ಮಾತು ಹೇಳಿದರು. ಈ ಮದ್ದಿನಿಂದಲೇ ಕೆಲವರಿಗೆ ಅಪರೂಪಕ್ಕೆ ಕಾಲಿನ ಬಲ ಹೋಗುವುದುಂಟು. ಕಾಲು ಸೋತ ಹಾಗಾದರೆ ಕೂಡಲೇ ಹೇಳಬೇಕು.

ಅಣ್ಣ ಬರುತ್ತಾನೆಂಬ ನಂಬಿಕೆ ನನಗಿರಲಿಲ್ಲ. ತಂಗಿಯನ್ನು ಸುಟ್ಟು ಬಂದ ಮರುದಿನ, ನನ್ನಿಂದ ಅಷ್ಟೆಲ್ಲ ಆದ ಮೇಲೆ, ನನ್ನ ಮಾತನ್ನು ಅವನು ಯಾಕೆ ಕೇಳಬೇಕು? ಆದರೂ ಹೇಳಿಕಳಿಸಿದೆ. ಬೆಳಿಗ್ಗೆ ಬಸ್ಸು ನಿಲ್ಲುವಲ್ಲಿ ಅವನು ನಿಂತಿದ್ದ. ತಾಯಿ ಕಳಿಸಿದ್ದಂತೆ.

ಹಾಗೆ ನಾವಿಬ್ಬರೂ ದಿನವೂ ಒಂದೇ ಬಸ್ಸಿನಲ್ಲಿ ಬಂಟ್ವಾಳಕ್ಕೆ ಹೋದೆವು. ಗುರುವಾಯನಕೆರೆ, ಮಡಂತ್ಯಾರು, ಪುಂಜಾಲಕಟ್ಟೆ. ನಾನು ಮುಂದಿನ ಸೀಟಿನಲ್ಲಿ, ಅವನು ಹಿಂದೆ. ಮಾತಿಲ್ಲ. ಡಾಕ್ಟರು ದಪ್ಪ ಸೂಜಿಯಲ್ಲಿ ಹೊಕ್ಕುಳ ಪಕ್ಕದ ಚರ್ಮದ ಕೆಳಗೆ ಮದ್ದು ತುಂಬುತ್ತಿದ್ದರು, ಇವತ್ತು ಬಲಕ್ಕೆ, ನಾಳೆ ಎಡಕ್ಕೆ. ನಿಂಬೆಕಾಯಿಯಷ್ಟು ಉಬ್ಬುತ್ತಿತ್ತು. ಹಿಂತಿರುಗಿ ಬರುವಾಗ ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಇಬ್ಬರೂ ಹೊಟ್ಟೆ ಹಿಡಿದುಕೊಳ್ಳುತ್ತಿದ್ದೆವು. ಸಂಜೆ ಕ್ಲಿನಿಕ್ಕಿನ ಬಾಗಿಲು ತೆರೆದರೂ ಹೆರಿಗೆಯವರನ್ನು ಬಿಟ್ಟು ಬೇರೆ ಯಾರನ್ನೂ ನೋಡಲಿಲ್ಲ. ಒಬ್ಬಾಕೆ ಕೆಮ್ಮು ಎಂದು ಬಂದಳು. ಅವಳ ಎದೆಗೆ ಸ್ಟೆತಾಸ್ಕೋಪು ಇಟ್ಟು, ಕೇಳಿದ್ದನ್ನು ನಂಬಲಾಗದೆ ತೆಗೆದೆ. ಸರಕಾರಿ ಆಸ್ಪತ್ರೆಗೆ ಹೋಗಲು ಹೇಳಿದೆ.

ಬೆಳ್ತಂಗಡಿಗೆ ಬಂದ ಮೇಲೆ ಸಡಿಲ ಬಿಟ್ಟಿದ್ದ ನಮ್ಮ ಜೈನ ಮನೆತನದ ನೇಮಗಳನ್ನೆಲ್ಲ ಆ ದಿನಗಳಲ್ಲಿ ಮತ್ತೆ ಹಿಡಿದೆ. ಸೂರ್ಯ ಮುಳುಗುವ ಮೊದಲೇ ಊಟ. ಸೋಸಿದ ನೀರು. ಲೋಟ ಎತ್ತಿದಾಗಲೆಲ್ಲ ಮೊದಲು ಸ್ವಲ್ಪವೇ ನುಂಗಿ ನೋಡುತ್ತಿದ್ದೆ. ಒಂದು ಗುಟುಕು ಇಳಿದರೆ ಇನ್ನು ಮುಂದಿನ ಲೋಟದವರೆಗೆ ಬದುಕಿದ್ದೇನೆ ಎನಿಸುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ತುದಿಗಾಲಲ್ಲಿ ನಿಂತು, ಹಿಮ್ಮಡಿಯಲ್ಲಿ ನಡೆದು, ಕಾಲಿಗೆ ಬಲ ಇದೆಯೇ ಎಂದು ನೋಡಿಕೊಳ್ಳುತ್ತಿದ್ದೆ.

ಹತ್ತನೆಯ ದಿನ ಪುಂಜಾಲಕಟ್ಟೆ ದಾಟಿದ ಮೇಲೆ ಬಸ್ಸಿನ ಟಯರು ಪಂಚರಾಯಿತು. ಎಲ್ಲರೂ ಇಳಿದರು. ನಾನು ಏಳಲು ನೋಡಿದೆ, ಎಡಗಾಲು ಇರಲೇ ಇಲ್ಲ. ನೆಲಕ್ಕೆ ಊರಿದರೆ ನೆಲ ಗೊತ್ತಾಗುತ್ತಿಲ್ಲ. ಕಣ್ಣು ಕತ್ತಲೆಗಟ್ಟಿತು. ಸೀಟಿನ ಕಂಬಿ ಹಿಡಿದು ಹಾಗೆಯೇ ಕುಸಿದೆ. ಹಿಂದಿನಿಂದ ಅಣ್ಣನ ಧ್ವನಿ ಬಂತು.

“ಕಾಲು ಜೋಮು ಹಿಡಿದದ್ದಾ ಅಮ್ಮ? ಆ ಸೀಟಿನ ಹಲಗೆಯೇ ಹಾಗೆ. ನನಗೂ ಮೊನ್ನೆ ಹಿಡಿದಿತ್ತು. ತಿಕ್ಕಿ, ಬಿಡ್ತದೆ.”

ತಿಕ್ಕಿದೆ. ಚುಚ್ಚಿದಂತಾಗಿ ಕಾಲು ವಾಪಸು ಬಂತು. ನಾನು ಅಳುತ್ತಿದ್ದೆ. ಅವನು ಬಸ್ಸಿನಿಂದ ಇಳಿಯದೆ ಅಲ್ಲೇ ಪಕ್ಕದ ಸೀಟಿನಲ್ಲಿ ಕುಳಿತ. ಕೆಳಗೆ ಜನ ಟಯರಿನ ಸುತ್ತ ನಿಂತು ಸಲಹೆ ಕೊಡುತ್ತಿದ್ದರು.

“ಒಂದು ಕೇಳ್ತೇನೆ,” ಎಂದ. “ಮೊದಲ ದಿನವೇ ನಿಮಗೆ ಗೊತ್ತಾಗಿದ್ರೆ ಅವಳು ಬದುಕ್ತಿದ್ದಳಾ?”

“ಇಲ್ಲ. ಯಾರು ನೋಡಿದ್ರೂ ಬದುಕ್ತಿರಲಿಲ್ಲ. ಆದ್ರೆ ನಾನು ಅವಳಿಗೆ ಹಾಗೆ ಹೇಳ್ತಿರಲಿಲ್ಲ. ನೀವು ಅವಳ ದವಡೆ ಹಿಡೀತಿರಲಿಲ್ಲ. ನಿಮ್ಮ ಕೈಗೆ ಹಲ್ಲು ತಾಗ್ತಿರಲಿಲ್ಲ. ನಾನು ಕಲಿಯಬೇಕಾದದ್ದನ್ನು ಪೂರ್ತಿ ಕಲಿಯದೆ ಬಂದು ಕೂತವಳು.”

ಅಲ್ಲಿಯವರೆಗೆ ಅವನಿಗೆ ‘ನೀನು’ ಎನ್ನುತ್ತಿದ್ದೆ. ಅಂದು ‘ನೀವು’ ಎಂದದ್ದು ಆಮೇಲೆ ನೆನಪಾಯಿತು.

ಟಯರು ಹಾಕಿ, ಜನ ಹತ್ತಿ, ಬಸ್ಸು ಹೊರಟು, ಬಂಟ್ವಾಳದ ಪೇಟೆ ಕಾಣುವಾಗ ಅವನು ಮೆಲ್ಲಗೆ ಮಾತಾಡಿದ.

“ನೀವು ಬೈದದ್ದನ್ನು ಅವಳು ಮನೆಯಲ್ಲಿ ಹೇಳ್ಲಿಲ್ಲ. ಹೇಳಿದ್ದು ನಾನು. ನಾಟಕ ಅಂತ ಡಾಕ್ಟ್ರೇ ಹೇಳಿದ್ದಾರೆ, ಹಿಡಿದು ಕುಡಿಸುವ ಅಂತ ನಾನೇ ಅಮ್ಮನಿಗೆ ಹೇಳಿದ್ದು. ಅದನ್ನು ಯಾರ ಹತ್ರ ಹೇಳುವುದು ಅಂತ ಗೊತ್ತಿರಲಿಲ್ಲ.”

ನಾವು ಒಬ್ಬರಿಗೊಬ್ಬರು ಸಮಾಧಾನ ಹೇಳಲಿಲ್ಲ. ಬಸ್ಸಿಳಿದು ಸೂಜಿ ಚುಚ್ಚಿಸಿಕೊಳ್ಳಲು ಹೋದೆವು. ಉಳಿದ ನಾಲ್ಕು ದಿನ ಅವನು ಪಕ್ಕದ ಸೀಟಿನಲ್ಲಿ ಕುಳಿತ, ಅಷ್ಟೇ.

ಹದಿನಾಲ್ಕು ಮುಗಿದ ಮೇಲೆ ವೇಣೂರಿನ ದಾರಿಯಾಗಿ ಮೂಡಬಿದಿರೆಗೆ ಹೋದೆ. ಅಮ್ಮನಿಗೆ ಆವರೆಗೆ ಏನೂ ಗೊತ್ತಿರಲಿಲ್ಲ. ಬಟ್ಟೆ ಬದಲಿಸುವಾಗ ಹೊಟ್ಟೆಯ ಮೇಲಿನ ಗಂಟುಗಳನ್ನು ನೋಡಿಬಿಟ್ಟಳು. ಎಲ್ಲ ಹೇಳಬೇಕಾಯಿತು.

“ಆ ಮದ್ದು ಯಾವುದರದ್ದು?”

ಬೇರುಗಳದ್ದು ಎನ್ನಬಹುದಿತ್ತು. ಆದರೆ ತೋರಿಕೆಗೆ ಒಂದು ಮಾತು ಹೇಳಿದ್ದರ ಫಲ ಕಣ್ಣ ಮುಂದೆಯೇ ಇತ್ತು. “ಕುರಿಯ ಮಿದುಳಿನಿಂದ ಮಾಡಿದ್ದು,” ಎಂದೆ.

ಅಮ್ಮ ನೆಲದ ಮೇಲೆ ಕುಳಿತಳು. ನಮ್ಮ ಮನೆಯಲ್ಲಿ ನೆಲದಡಿ ಬೆಳೆಯುವ ಗೆಡ್ಡೆಯನ್ನೂ ಬೇಯಿಸುವವರಲ್ಲ. ಕುಳಿತಲ್ಲಿಂದಲೇ ಕೇಳಿದಳು, “ಹದಿನಾಲ್ಕು ಕುರಿಯಾ?”

“ಅಲ್ಲಮ್ಮ, ಒಂದರಿಂದ ಎಷ್ಟೋ ಜನಕ್ಕೆ ಆಗ್ತದೆ.”

“ಇನ್ನು ಹೆದರ್ಲಿಕ್ಕೆ ಇಲ್ವಾ?”

“ಮೂರು ತಿಂಗಳು ಕಾಯ್ಬೇಕು. ಆಮೇಲೆ ಹೆಚ್ಚುಕಡಿಮೆ ಹೆದರಿಕೆ ಇಲ್ಲ.”

“ಹಾಗಾದ್ರೆ ಮೂರು ತಿಂಗಳು ನಾನೂ ಹೆದರ್ತೇನೆ,” ಎಂದು ಎದ್ದು ಬಸದಿಗೆ ಹೊರಟಳು. ನನಗಾಗಿಯೋ ಕುರಿಗಾಗಿಯೋ ಕೇಳಲಿಲ್ಲ. ಬಹುಶಃ ಇಬ್ಬರಿಗೂ ಇರಬೇಕು. ಜಗಲಿಯಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದ ಮಾವ ಆ ದಿನ ಊಟಕ್ಕೆ ಒಳಗೆ ಬರಲಿಲ್ಲ. ನಾನು ಹೊರಡುವಾಗ ಮಾತ್ರ, “ಬೇಕಾದ್ರೆ ಮದ್ರಾಸಿಗೆ ಬರೆ,” ಎಂದರು.

ಬರೆದೆ. ಈಗ ಜಾಗವಿಲ್ಲ, ನಿಮ್ಮ ನಂತರದ ಎರಡು ತಂಡಗಳು ಕಾಯುತ್ತಿವೆ ಎಂದು ಉತ್ತರ ಬಂತು. ಆ ಕಾಗದ ಹಿಡಿದುಕೊಂಡು ಬಂಟ್ವಾಳಕ್ಕೆ ಹೋಗಿ, ವಾರಕ್ಕೆ ಮೂರು ದಿನ ನಿಮ್ಮ ಪಕ್ಕ ಕುಳಿತುಕೊಳ್ಳಲು ಬಿಡಿ ಎಂದು ಆ ಹಿರಿಯ ಡಾಕ್ಟರನ್ನು ಕೇಳಿದೆ. ಎಂ.ಬಿ.ಬಿ.ಎಸ್. ಓದಿದವಳು ಎಲ್.ಎಂ.ಪಿ. ಹತ್ತಿರ ಕಲಿಯಲು ಬಂದಿದ್ದಾಳೆಂದು ಪೇಟೆಯಲ್ಲಿ ನಕ್ಕವರಿದ್ದರು. ಡಾಕ್ಟರು ನಗಲಿಲ್ಲ; ಒಂದು ಸ್ಟೂಲು ಹಾಕಿಸಿದರು. ಒಂದೂವರೆ ವರ್ಷ ಆ ಸ್ಟೂಲಿನಲ್ಲಿ ಕುಳಿತೆ. ರೋಗಿಯ ಎದುರಲ್ಲೇ ಪುಸ್ತಕ ತೆರೆಯಲು ಅವರೇ ಹೇಳಿಕೊಟ್ಟರು. “ಒಳಗೆ ಹೋಗಿ ಯಾಕೆ ನೋಡುವುದು? ಇಲ್ಲೇ ನೋಡಿ. ಅವರಿಗೂ ಧೈರ್ಯ,” ಎನ್ನುತ್ತಿದ್ದರು. ಹೆದರಿಕೆ ಹೋಗಲಿಲ್ಲ. ಗದರುವುದು ಮಾತ್ರ ಕಡಿಮೆಯಾಯಿತು.

ಮೂರು ತಿಂಗಳು ಮುಗಿದ ದಿನ ನನಗೆ ನೆನಪೇ ಇರಲಿಲ್ಲ. ಒಂದು ಕಷ್ಟದ ಹೆರಿಗೆ ಮುಗಿಸಿ ಕೈ ತೊಳೆಯುತ್ತಿದ್ದೆ. ಕ್ಲಿನಿಕ್ಕಿನ ಮೆಟ್ಟಿಲ ಕೆಳಗೆ ಅಣ್ಣ ನಿಂತಿದ್ದ. ಒಳಗೆ ಬರಲಿಲ್ಲ.

“ಬಂಟ್ವಾಳದ ಡಾಕ್ಟ್ರು ಹೇಳಿದ ಮೂರು ತಿಂಗಳು ಇವತ್ತಿಗೆ ಆಯ್ತಲ್ಲ ಅಮ್ಮ? ನನಗೆ ಏನೂ ಆಗ್ಲಿಲ್ಲ. ನಿಮಗೆ?”

“ನನಗೂ ಏನೂ ಆಗಲಿಲ್ಲ.”

“ಸರಿ ಹಾಗಾದ್ರೆ,” ಎಂದು ಲಾರಿಯ ಕಡೆ ನಡೆದ.

ಅವರ ಮನೆಯವರು ಮತ್ತೆಂದೂ ನನ್ನ ಹತ್ತಿರ ಮದ್ದಿಗೆ ಬರಲಿಲ್ಲ. ಜ್ವರ ಬಂದರೂ ಉಜಿರೆಯಲ್ಲಿ ಇಳಿದು ಅಲ್ಲಿನ ಡಾಕ್ಟರಿಗೆ ತೋರಿಸುತ್ತಿದ್ದರೆಂದು ಯಾರೋ ಹೇಳಿದರು. ನಾನು ಅವರ ಜಾಗದಲ್ಲಿದ್ದರೆ ಹಾಗೆಯೇ ಮಾಡುತ್ತಿದ್ದೆ.